ಟ್ರ್ಯಾಕ್ಟರಿನ ಸೆಲ್ಫ್ ನರಳುತ್ತಿದೆ: ಬ್ಯಾಟರಿ ಹೊಸದು, ಬ್ರಷ್ ಹೊಸದು, ಆದರೂ ಎಂಜಿನ್ ತಿರುಗುತ್ತಿಲ್ಲ

ಪಾಂಡವಪುರದ ರೈತ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಸಿಲಿಂಡರಿನ ಡೀಸೆಲ್ ಟ್ರ್ಯಾಕ್ಟರ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟ ಮೇಲೆ ಹನ್ನೆರಡು ದಿನ ಬಿಡುವಿಲ್ಲದೆ ನಮ್ಮ ಗದ್ದೆ, ಅಕ್ಕಪಕ್ಕದವರ ಗದ್ದೆ ಎಲ್ಲವನ್ನೂ ಕೇಜ್ ವೀಲ್ (ಕೆಸರು ಗದ್ದೆಯ ಕಬ್ಬಿಣದ ಚಕ್ರ) ಹಾಕಿ ಕೆಸರು ಮಾಡಿದೆವು. ಐದಾರನೆಯ ದಿನದಿಂದ ತೊಂದರೆ ಶುರುವಾಯಿತು. ಬೆಳಿಗ್ಗೆ ತಣ್ಣಗಿರುವಾಗ ಸೆಲ್ಫ್ ಹೊಡೆದರೆ ಸ್ವಲ್ಪ ನರಳಿಯಾದರೂ ಎಂಜಿನ್ ಹಿಡಿಯುತ್ತದೆ. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಹೊಡೆದರೆ ‘ಟಕ್’ ಎಂದು ಒಂದು ಸದ್ದು ಬಂದು, ಅರ್ಧ ಸುತ್ತು ತಿರುಗಿ, ಅಲ್ಲಿಗೇ ನಿಂತುಬಿಡುತ್ತದೆ. ಹೆಡ್‌ಲೈಟ್ ಹಾಕಿ ನೋಡಿದರೆ ಸೆಲ್ಫ್ ಹೊಡೆದ ತಕ್ಷಣ ಬೆಳಕು ಸಾಯುತ್ತದೆ.

ಲೈಟ್ ಸಾಯುತ್ತಿದೆ ಎಂದರೆ ಬ್ಯಾಟರಿಯೇ ಹೋಗಿದೆ ಎಂದು ನೋಡಿದವರೆಲ್ಲ ಹೇಳಿದರು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು, 88 ಆಂಪಿಯರ್ ಅವರ್‌ನ ಹೊಸ ಬ್ಯಾಟರಿ ತಂದೆ. ಎರಡು ದಿನ ಪರವಾಗಿಲ್ಲ ಎನ್ನುವಂತಿತ್ತು, ಮೂರನೆಯ ದಿನ ಮತ್ತೆ ಅದೇ ಪಾಡು. ಆಮೇಲೆ ಪಟ್ಟಣದ ಒಂದು ಅಂಗಡಿಯಲ್ಲಿ ಸೆಲ್ಫ್ ಮೋಟಾರ್ ಬಿಚ್ಚಿಸಿ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಕೊಡುವ ತುಂಡು), ಬುಷ್ (ದಂಡ ತಿರುಗುವ ಕಂಚಿನ ಬಳೆ) ಎರಡನ್ನೂ ಹೊಸದು ಹಾಕಿಸಿದೆ. ಅಂಗಡಿಯ ಬೆಂಚಿನ ಮೇಲೆ ಮೋಟಾರ್ ಸೊಗಸಾಗಿ ತಿರುಗಿತು. ಗಾಡಿಗೆ ಕಟ್ಟಿದ ಮೇಲೆ ಮತ್ತೆ ನರಳಿತು. ಈಗ ಅವರು ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಬದಲಿಸಬೇಕು ಎನ್ನುತ್ತಿದ್ದಾರೆ. ಇನ್ನೂ ದುಡ್ಡು ಸುರಿಯುವ ಮೊದಲು ತಿಳಿದವರ ಮಾತು ಕೇಳೋಣ ಎಂದು ಬರೆಯುತ್ತಿದ್ದೇನೆ.

ಮದ್ದೂರಿನ ಹಳೆಯ ಎಲೆಕ್ಟ್ರೀಷಿಯನ್:

ರೈತರೇ, ಆರ್ಮೇಚರ್‌ಗೆ ಸದ್ಯಕ್ಕೆ ಕೈ ಹಾಕಬೇಡಿ. ಬೆಂಚಿನ ಮೇಲೆ ಮೋಟಾರ್ ಸೊಗಸಾಗಿ ತಿರುಗಿತು ಎಂಬುದು ಪೂರ್ತಿ ಪ್ರಮಾಣವಲ್ಲ, ಏಕೆಂದರೆ ಅಲ್ಲಿ ಅದಕ್ಕೆ ಎಂಜಿನ್ನಿನ ಭಾರವಿರುವುದಿಲ್ಲ. ಆದರೂ ಹೊಸ ಬ್ರಷ್ ಹಾಕಿದ ಮೋಟಾರು ಬೆಂಚಿನ ಮೇಲೆ ಚೆನ್ನಾಗಿದ್ದು ಗಾಡಿಯಲ್ಲಿ ಮಾತ್ರ ಸೋಲುತ್ತಿದ್ದರೆ, ನನ್ನ ಅನುಮಾನ ಮೊದಲು ಹೋಗುವುದು ಬ್ಯಾಟರಿಗೂ ಮೋಟಾರಿಗೂ ನಡುವಿನ ದಾರಿಯ ಮೇಲೆ.

ಮೂವತ್ತು ವರ್ಷ ಈ ಕೆಲಸ ಮಾಡಿದವನು ನಾನು. ಗಾಡಿಯನ್ನು ಬಿಚ್ಚುವುದಕ್ಕೆ ಮೊದಲು ಅದರ ಸದ್ದನ್ನು ಕೇಳುತ್ತೇನೆ. ‘ಟಕ ಟಕ ಟಕ ಟಕ’ ಎಂದು ಬಿಡದೆ ಬಡಿದರೆ ಸೊಲೆನಾಯ್ಡಿಗೆ (ಕೀ ತಿರುಗಿಸಿದಾಗ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚಿಗೆ) ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ಅದರ ಒಳಗೆ ತಂತಿಯ ಎರಡು ಸುತ್ತು (ಸುರುಳಿ) ಇರುತ್ತವೆ; ಒಂದು ಪ್ಲಂಜರನ್ನು, ಅಂದರೆ ಒಳಗಿನ ಕಬ್ಬಿಣದ ಸರಳನ್ನು, ಎಳೆಯುವುದಕ್ಕೆ, ಇನ್ನೊಂದು ಎಳೆದದ್ದನ್ನು ಹಿಡಿದಿಡುವುದಕ್ಕೆ. ಮೋಟಾರ್ ಕರೆಂಟು ಎಳೆದ ಕೂಡಲೇ ವೋಲ್ಟೇಜ್ ಕುಸಿದರೆ ಹಿಡಿದಿಡುವ ಸುತ್ತು ಕೈಬಿಡುತ್ತದೆ, ಕೈಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಒಂದೇ ಸಲ ‘ಟಕ್’ ಎಂದು ಸುಮ್ಮನಾದರೆ ಸೊಲೆನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟಾರ್ ಒಳಗೆ ಬಿಗಿದಿರಬಹುದು, ಅಥವಾ ನಿಮ್ಮ ಗಾಡಿಯಂತೆ ಮೋಟಾರ್ ತಿರುಗಲು ಹೊರಟೂ ಬಲ ಸಾಲದೆ ನಿಂತಿರಬಹುದು. ‘ಸುಯ್’ ಎಂದು ಮೋಟಾರ್ ಜೋರಾಗಿ ಓಡಿ ಎಂಜಿನ್ ಮಾತ್ರ ಅಲುಗದಿದ್ದರೆ ಬೆಂಡಿಕ್ಸ್ (ಮೋಟಾರಿನ ತಿರುವನ್ನು ಎಂಜಿನ್ನಿಗೆ ಮುಟ್ಟಿಸುವ ಜೋಡಣೆ) ಜಾರುತ್ತಿದೆ. ‘ಕರ್ರ್’ ಎಂದು ಹಲ್ಲು ಕಡಿಯುವ ಸದ್ದು ಬಂದರೆ ಪಿನಿಯನ್ (ಬೆಂಡಿಕ್ಸಿನ ಸಣ್ಣ ಹಲ್ಲಿನ ಚಕ್ರ) ಅಥವಾ ಅದು ಕಚ್ಚಿ ತಿರುಗಿಸುವ ಎಂಜಿನ್ನಿನ ಫ್ಲೈವೀಲ್ ರಿಂಗಿನ ಹಲ್ಲು ಸವೆದಿದೆ. ಕೀ ಬಿಟ್ಟ ಮೇಲೂ ಮೋಟಾರ್ ಓಡುತ್ತಲೇ ಇದ್ದರೆ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಆಗ ಬೇರೆ ಯೋಚನೆ ಮಾಡದೆ ಬ್ಯಾಟರಿಯ ನೆಗೆಟಿವ್ ಕಳಚಬೇಕು.

ಲೈಟ್ ಸಾಯುವುದನ್ನು ನೋಡಿ ಬ್ಯಾಟರಿಯನ್ನು ದೂರಿದರಲ್ಲ, ಅಲ್ಲೇ ದಾರಿ ತಪ್ಪಿದ್ದು. ಹೆಡ್‌ಲೈಟಿನ ಕರೆಂಟು ಕೂಡ ಬ್ಯಾಟರಿಗೆ ಮರಳುವುದು ಅದೇ ಬಾಡಿ ಅರ್ತ್, ಅಂದರೆ ಗಾಡಿಯ ಕಬ್ಬಿಣದ ಮೈಯ ಮೂಲಕ; ಆ ದಾರಿ ಕೆಟ್ಟರೂ ಲೈಟ್ ಸಾಯುತ್ತದೆ.

ಮಳವಳ್ಳಿ ಹುಡುಗ:

ಅಣ್ಣ, ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ನಮ್ಮ ಗಾಡಿಯೂ ಆಗಾಗ ಹೀಗೆ ಮಾಡುತ್ತದೆ. ದೊಡ್ಡ ಸ್ಕ್ರೂಡ್ರೈವರ್ ತೆಗೆದುಕೊಂಡು ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟ್‌ಗಳಿಗೆ ಅಡ್ಡ ಹಿಡಿದರೆ ಒಂದು ಕಿಡಿ ಹಾರುತ್ತದೆ, ಗಾಡಿ ಹಿಡಿಯುತ್ತದೆ. ಅದೂ ಆಗದಿದ್ದರೆ ನಾಲೆ ಏರಿಯ ಇಳಿಜಾರಿನಲ್ಲಿ ನಿಲ್ಲಿಸಿಕೊಂಡರಾಯಿತು. ಒಂದು ವರ್ಷದಿಂದ ಹೀಗೇ ನಡೆಸುತ್ತಿದ್ದೇವೆ.

ಕೆ.ಆರ್. ಪೇಟೆಯಿಂದ:

ತಮ್ಮಾ, ದಯವಿಟ್ಟು ಈ ಪದ್ಧತಿಯನ್ನು ಬಿಡು. ಟ್ರ್ಯಾಕ್ಟರಿಗೆ ಕ್ಲಚ್ ಒತ್ತಿದರೆ ಅಥವಾ ಗೇರ್ ನ್ಯೂಟ್ರಲಿನಲ್ಲಿದ್ದರೆ ಮಾತ್ರ ಸೆಲ್ಫ್ ಹೊಡೆಯುವಂತೆ ಒಂದು ಸ್ವಿಚ್ಚನ್ನು ಕೊಟ್ಟಿರುವುದು ಸುಮ್ಮನೆ ಅಲ್ಲ. ಸ್ಕ್ರೂಡ್ರೈವರ್ ಹಿಡಿದಾಗ ಆ ಸ್ವಿಚ್ಚಿನ ಕಾವಲು ತಪ್ಪಿಹೋಗುತ್ತದೆ. ಡೀಸೆಲ್ ಪಂಪು ಹಳೆಯ ಮಾದರಿಯದಾದರೆ ಡೀಸೆಲ್ ಎಂಜಿನ್ನಿಗೆ ಕೀ ತಿರುಗಿಸಿರಲೇಬೇಕೆಂದೂ ಇಲ್ಲ; ಎರಡು ಸುತ್ತು ತಿರುಗಿದರೆ ಸಾಕು, ಅದು ಹಿಡಿದುಬಿಡುತ್ತದೆ. ನೀನು ನಿಂತಿರುವುದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ. ಗೇರು ಸಿಕ್ಕಿಕೊಂಡಿದ್ದರೆ ಹಿಂದಿನ ಚಕ್ರ ನಿನ್ನ ಮೇಲೆಯೇ ಬರುತ್ತದೆ. ನನ್ನ ಬಲಗಾಲಿನ ಎರಡು ಬೆರಳು ಹೀಗೆಯೇ ಹೋದವು, ಅದೂ ಗದ್ದೆಯ ಕೆಸರು ಮೆತ್ತಗಿದ್ದದ್ದರಿಂದ ಅಷ್ಟಕ್ಕೇ ಮುಗಿಯಿತು. ಡಾಂಬರು ರಸ್ತೆಯಾಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಮಳವಳ್ಳಿ ಹುಡುಗ:

ಕ್ಷಮಿಸಿ ಅಣ್ಣ. ಗೇರು ನೋಡಿಕೊಂಡೇ ಮಾಡುತ್ತಿದ್ದೆ. ಆದರೂ ನೀವು ಹೇಳಿದ್ದು ತಿಳಿಯಿತು.

ಮೈಸೂರಿನ ಐಟಿಐ ಬೋಧಕ:

ಮದ್ದೂರಿನ ಹಿರಿಯರು ಹೇಳಿದ್ದನ್ನು ಅಳತೆಯಿಂದ ಖಚಿತಪಡಿಸಿಕೊಳ್ಳಬಹುದು, ಅದಕ್ಕೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ನಾನು ವಿದ್ಯಾರ್ಥಿಗಳಿಗೆ ಮೊದಲ ವಾರವೇ ಹೇಳಿಕೊಡುವ ಪರೀಕ್ಷೆಯಿದು. ವಿಚಿತ್ರವೆಂದರೆ ಅಂಗಡಿಗಳಲ್ಲಿ ಇದನ್ನು ಮಾಡುವವರನ್ನು ನಾನು ಕಂಡದ್ದು ಕಡಿಮೆ. ಬ್ಯಾಟರಿಯ ವೋಲ್ಟೇಜ್ ಒಂದನ್ನು ನೋಡಿ ಮೀಟರನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ.

ಸೆಲ್ಫ್ ಮೋಟಾರ್ ಎಂಜಿನ್ ತಿರುಗಿಸುವಾಗ ಇನ್ನೂರು, ಮುನ್ನೂರು ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟು ಹರಿಯುವ ದಾರಿಯಲ್ಲಿ ಒಂದು ಓಮ್‌ನ ನೂರರಲ್ಲೊಂದು ಭಾಗದಷ್ಟು ತಡೆಯಿದ್ದರೂ ಎರಡು, ಮೂರು ವೋಲ್ಟ್ ಅಲ್ಲಿಯೇ ಕರಗಿಹೋಗುತ್ತದೆ. ಮೀಟರನ್ನು ಓಮ್‌ಗೆ ಇಟ್ಟು ಅಳೆದರೆ ಇಷ್ಟು ಸಣ್ಣ ತಡೆ ಕಾಣಿಸುವುದೇ ಇಲ್ಲ. ತಂತಿ ಸರಿಯಿದೆ ಎಂದೇ ತೋರಿಸುತ್ತದೆ. ಆದ್ದರಿಂದ ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು.

ಗೇರನ್ನು ನ್ಯೂಟ್ರಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಹಿಡಿಯದಂತೆ ಸ್ಟಾಪ್ ನಾಬನ್ನು ಹೊರಗೆಳೆದೇ ಇಡಿ. ಒಬ್ಬರು ಸೀಟಿನ ಮೇಲೆ ಕುಳಿತು ಐದು ಸೆಕೆಂಡು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಫ್ಯಾನು, ಬೆಲ್ಟುಗಳಿಂದ ಕೈಯನ್ನೂ ಬಟ್ಟೆಯನ್ನೂ ದೂರ ಇಟ್ಟುಕೊಂಡು ಅಳೆಯಲಿ. ಮೊದಲು ಬ್ಯಾಟರಿಯ ಎರಡು ಸೀಸದ ಕಂಬಗಳ ಮೇಲೆಯೇ ಮೀಟರಿನ ಮುಳ್ಳುಗಳನ್ನು ಒತ್ತಿ. ಕ್ಲಾಂಪಿನ ಮೇಲೆ ಅಲ್ಲ, ಕಂಬದ ಮೇಲೆ. ಆರೋಗ್ಯವಂತ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಎರಡನೆಯದಾಗಿ ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಮೋಟಾರಿಗೆ ಒಳಹೋಗುವ ಬೋಲ್ಟಿಗೂ ನಡುವೆ ಅಳೆಯಿರಿ. ಅರ್ಧ ವೋಲ್ಟಿನ ಒಳಗಿದ್ದರೆ ಒಳ್ಳೆಯದು. ಮೂರನೆಯದಾಗಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಸೆಲ್ಫ್ ಮೋಟಾರಿನ ಬಣ್ಣವಿಲ್ಲದ ಮೈಗೂ ನಡುವೆ ಅಳೆಯಿರಿ. ಅದು 0.2, ಹೆಚ್ಚೆಂದರೆ 0.3 ವೋಲ್ಟ್ ಇರಬೇಕು. ಯಾವ ಕಡೆ ಅಂಕಿ ಉಬ್ಬಿದೆಯೋ ಕಳ್ಳ ಆ ಕಡೆಯೇ ಅಡಗಿದ್ದಾನೆ.

ಪ್ರತಿ ಸಲದ ನಡುವೆಯೂ ಒಂದೆರಡು ನಿಮಿಷ ಬಿಡಿ. ಈ ಮೋಟಾರನ್ನು ಕೆಲವೇ ಸೆಕೆಂಡು ದುಡಿಯುವಂತೆ ಮಾಡಿರುತ್ತಾರೆ; ಅದಕ್ಕೆ ತಣ್ಣಗಾಗಲು ಫ್ಯಾನೂ ಇಲ್ಲ. ತಿರುಗದೆ ನಿಂತ ಮೋಟಾರು ತಿರುಗುವ ಮೋಟಾರಿಗಿಂತ ಹೆಚ್ಚು ಕರೆಂಟು ಎಳೆಯುತ್ತದೆ ಎಂಬುದನ್ನೂ ನೆನಪಿಡಿ. ಹಿಡಿಯಲಿಲ್ಲವೆಂಬ ಸಿಟ್ಟಿಗೆ ಕೀ ಒತ್ತಿ ಹಿಡಿದೇ ಇರುವುದರಿಂದ ಆರ್ಮೇಚರಿನ ಸುತ್ತು ಕರಗಿದ್ದನ್ನು ನಾನು ಅನೇಕ ಸಲ ನೋಡಿದ್ದೇನೆ.

ಪಾಂಡವಪುರದ ರೈತ:

ಬೋಧಕರೇ, ಇಂದು ಸಂಜೆ ಮಗನನ್ನು ಸೀಟಿನ ಮೇಲೆ ಕೂರಿಸಿ, ಗಾಡಿ ಬಿಸಿಯಿರುವಾಗಲೇ ನೀವು ಹೇಳಿದಂತೆ ಅಳೆದೆವು. ಸುಮ್ಮನಿದ್ದಾಗ ಬ್ಯಾಟರಿ 12.6 ತೋರಿಸಿತು. ಸೆಲ್ಫ್ ಹೊಡೆದು ಎಂಜಿನ್ ನರಳುತ್ತಿದ್ದಾಗ ಬ್ಯಾಟರಿ ಕಂಬದಲ್ಲಿ 11.9, ಪಾಸಿಟಿವ್ ಕಡೆ 0.2, ನೆಗೆಟಿವ್ ಕಡೆ 3.2. ಮೂರನೆಯ ಅಂಕಿಯನ್ನು ನಂಬಲಾರದೆ ಮತ್ತೆ ಎರಡು ಸಲ ಅಳೆದೆ, ಅಷ್ಟೇ ಬಂತು. ಮೋಟಾರಿನ ಬೋಲ್ಟಿಗೂ ಅದರ ಮೈಗೂ ನೇರವಾಗಿ ಇಟ್ಟಾಗ 8.5 ಸಿಕ್ಕಿತು.

ಮೈಸೂರಿನ ಐಟಿಐ ಬೋಧಕ:

ಲೆಕ್ಕ ತಾನಾಗಿಯೇ ಕೂಡಿಬಂದಿದೆ ನೋಡಿ: 11.9ರಿಂದ 0.2 ಮತ್ತು 3.2 ಕಳೆದರೆ 8.5. ನಿಮ್ಮ ಬ್ಯಾಟರಿಯೂ ಸರಿ, ಪಾಸಿಟಿವ್ ಕೇಬಲ್ಲೂ ಸರಿ, ಸೊಲೆನಾಯ್ಡೂ ಸರಿ. ನೆಗೆಟಿವ್ ಕೇಬಲ್ ಬಾಡಿಗೆ ಕಟ್ಟುವ ಜಾಗದಲ್ಲಿ ಮೂರು ವೋಲ್ಟ್ ಕಾವಾಗಿ ಹೋಗುತ್ತಿದೆ. ಇನ್ನೂರು ಆಂಪಿಯರ್ ಎಂದಿಟ್ಟುಕೊಂಡರೂ ಅದು 640 ವ್ಯಾಟ್, ಹೆಚ್ಚುಕಡಿಮೆ ಒಂದು ಇಸ್ತ್ರಿ ಪೆಟ್ಟಿಗೆಯ ಕಾವು. ಕೀ ಬಿಟ್ಟ ಮೇಲೆ ಆ ಕೇಬಲ್ಲಿನ ತುದಿಯನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿ ನೋಡಿ, ಮೀಟರೇ ಬೇಕಾಗುವುದಿಲ್ಲ. ಬಿಸಿಯಾದಂತೆ ಕೆಟ್ಟ ಜಾಯಿಂಟಿನ ತಡೆ ಇನ್ನೂ ಹೆಚ್ಚುತ್ತದೆ. ಮಧ್ಯಾಹ್ನವೇ ನಿಮ್ಮ ಗಾಡಿ ಮುನಿಯುತ್ತಿದ್ದುದು ಇದಕ್ಕೇ.

ಪಾಂಡವಪುರದ ರೈತ:

ಕಳ್ಳ ಸಿಕ್ಕಿಬಿದ್ದ. ನೆಗೆಟಿವ್ ಕೇಬಲ್ಲಿನ ಇನ್ನೊಂದು ತುದಿ ಬ್ಯಾಟರಿ ಪೆಟ್ಟಿಗೆಯ ಕೆಳಗೆ, ಮುಂದಿನ ಬ್ರಾಕೆಟ್ಟಿಗೆ ಒಂದೇ ಬೋಲ್ಟಿನಿಂದ ಕಟ್ಟಿದೆ. ಮುಟ್ಟಿದೆ, ಬೆರಳು ತಟ್ಟನೆ ಹಿಂದಕ್ಕೆ ಬಂತು. ಬ್ಯಾಟರಿಯ ನೆಗೆಟಿವ್ ಕಳಚಿಟ್ಟು ಬೋಲ್ಟನ್ನು ಬಿಚ್ಚಿ ನೋಡಿದರೆ ಲಗ್‌ನ (ಕೇಬಲ್ಲಿನ ತುದಿಯ ಲೋಹದ ಬಳೆಯ) ಕೆಳಗೆ ಕಬ್ಬಿಣ ಕಾಣಿಸುತ್ತಲೇ ಇರಲಿಲ್ಲ, ಬಣ್ಣವಿತ್ತು! ಮಾರುವ ಮೊದಲು ಗಾಡಿ ಹೊಸದಾಗಿ ಕಾಣಲೆಂದು ಹಿಂದಿನ ಮಾಲೀಕರು ಇಡೀ ಗಾಡಿಗೆ ಬಣ್ಣ ಹೊಡೆಸಿದ್ದರು. ಕೇಬಲ್ ಬಿಚ್ಚಿ, ಬಣ್ಣ ಹೊಡೆದು, ಅದರ ಮೇಲೆಯೇ ಕೇಬಲ್ಲನ್ನು ಮತ್ತೆ ಬಿಗಿದಿದ್ದಾರೆ. ಎರಡು ವರ್ಷ ಕರೆಂಟು ಹರಿದಿರುವುದು ಬೋಲ್ಟಿನ ತಿರುಪಿನ ಮೂಲಕ ಮಾತ್ರ. ಈ ವರ್ಷ ಕೆಸರು ನೀರು ಒಳಹೊಕ್ಕು ಆ ತಿರುಪೂ ತುಕ್ಕು ಹಿಡಿದಿದೆ. ಬೋಲ್ಟನ್ನು ಅಂಗೈ ಮೇಲೆ ಕುಟ್ಟಿದರೆ ಅರಿಶಿನ ಪುಡಿಯಂತೆ ತುಕ್ಕು ಉದುರಿತು.

ಬಣ್ಣವನ್ನು ಉಪ್ಪು ಕಾಗದದಿಂದ ಉಜ್ಜಿ ಬೆಳ್ಳಗೆ ಹೊಳೆಯುವ ಕಬ್ಬಿಣ ಕಾಣುವವರೆಗೆ ತೆಗೆದೆ, ಲಗ್ಗನ್ನೂ ಉಜ್ಜಿದೆ, ಹೊಸ ಬೋಲ್ಟು, ಸ್ಪ್ರಿಂಗ್ ವಾಷರ್ ಹಾಕಿ ಬಿಗಿದು, ಹೊರಗಿನಿಂದ ವ್ಯಾಸಲೀನ್ ಬಳಿದೆ. ಸೆಲ್ಫ್ ಹೊಡೆದರೆ ಎಂಜಿನ್ ‘ಘರ್ರ್’ ಎಂದು ಮೊದಲ ಸುತ್ತಿಗೇ ಹಿಡಿಯಿತು. ಮನೆಯವರೆಲ್ಲ ಜಗಲಿಗೆ ಬಂದು ನೋಡಿದರು.

ಆದರೆ ಒಂದು ಗಾಬರಿ. ಮತ್ತೆ ಅಳೆದಾಗ ನೆಗೆಟಿವ್ ಕಡೆ 0.15 ಇದೆ, ಪಾಸಿಟಿವ್ ಕಡೆ 0.35. ಆದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೊದಲು 11.9 ಇದ್ದದ್ದು ಈಗ 10.6ಕ್ಕೆ ಇಳಿಯುತ್ತಿದೆ. ಹೊಸ ಬ್ಯಾಟರಿ ಹಾಳಾಯಿತೇ?

ಮೈಸೂರಿನ ಐಟಿಐ ಬೋಧಕ:

ಇಲ್ಲ, ಅದು ಒಳ್ಳೆಯ ಸುದ್ದಿ. ಮೊದಲು ದಾರಿ ಕಟ್ಟಿಕೊಂಡಿದ್ದರಿಂದ ಮೋಟಾರಿಗೆ ಬೇಕಾದಷ್ಟು ಕರೆಂಟು ಹೋಗುತ್ತಲೇ ಇರಲಿಲ್ಲ, ಬ್ಯಾಟರಿಗೆ ಶ್ರಮವೇ ಇರಲಿಲ್ಲ, ಅದಕ್ಕೇ ಅದು 11.9ರಲ್ಲಿ ಆರಾಮವಾಗಿ ನಿಂತಿತ್ತು. ಈಗ ಅದು ನಿಜವಾದ ಕೆಲಸ ಮಾಡುತ್ತಿದೆ. ಮೋಟಾರಿಗೆ ತಲುಪುತ್ತಿರುವುದನ್ನು ಲೆಕ್ಕ ಹಾಕಿ: 10.6ರಲ್ಲಿ ಅರ್ಧ ವೋಲ್ಟ್ ಕಳೆದರೆ 10.1. ಮೊದಲು 8.5 ಇತ್ತು. ಸೆಲ್ಫ್ ಎಳೆಯಲಾರದೆ ನರಳುವಾಗಲೂ ಬ್ಯಾಟರಿ ವೋಲ್ಟೇಜ್ ಮೇಲೆಯೇ ಇದ್ದರೆ ದೋಷ ಬ್ಯಾಟರಿಯದಲ್ಲ, ಮುಂದಿನ ದಾರಿಯದು ಅಥವಾ ಮೋಟಾರಿನದು.

ಎಂಜಿನ್ ಓಡುವಾಗ ಬ್ಯಾಟರಿ ಕಂಬದಲ್ಲಿ 13.8ರಿಂದ 14.4ರವರೆಗೆ ಬರುತ್ತಿದೆಯೇ ಎಂದೂ ಒಮ್ಮೆ ನೋಡಿ. ಹಾಳಾದ ಅರ್ತ್ ಚಾರ್ಜಿಂಗನ್ನೂ ಕೆಡಿಸಿರುತ್ತದೆ. ನೀವು ಎಕ್ಸ್‌ಚೇಂಜಿಗೆ ಕೊಟ್ಟ ಹಳೆಯ ಬ್ಯಾಟರಿಯ ಮಾತನ್ನು ನಾನು ಎತ್ತುವುದಿಲ್ಲ.

ಪಾಂಡವಪುರದ ರೈತ:

14.1 ಬರುತ್ತಿದೆ. ಹಳೆಯ ಬ್ಯಾಟರಿಯ ಮಾತನ್ನು ನಮ್ಮ ಮನೆಯಾಕೆ ಈಗಾಗಲೇ ಎತ್ತಿ ಆಗಿದೆ.

ತಿ. ನರಸೀಪುರದ ಕಬ್ಬು ಬೆಳೆಗಾರ:

ಚರ್ಚೆಯನ್ನು ಮೊದಲಿನಿಂದ ಓದಿದೆ. ನಮ್ಮ ಕಡೆಯ ತೊಂದರೆ ಬೇರೆ ಬಗೆಯದು, ಆದರೆ ಸೆಲ್ಫ್‌ಗೇ ಸೇರಿದ್ದು. ಕಬ್ಬು ಹೊಡೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಯಾರ್ಡಿನಲ್ಲಿ ಇಡೀ ರಾತ್ರಿ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಸಾಲು ಹತ್ತು ಅಡಿ ಮುಂದೆ ಸರಿದಾಗಲೆಲ್ಲ ಸೆಲ್ಫ್ ಹೊಡೆಯುವುದು, ಹತ್ತು ಅಡಿ ಹೋಗಿ ಆಫ್ ಮಾಡುವುದು. ನಡುವೆ ಡ್ರೈವರ್ ಹುಡುಗರು ಎಂಜಿನ್ ಆಫ್ ಮಾಡಿಕೊಂಡೇ ದೊಡ್ಡ ಸ್ಪೀಕರುಗಳಲ್ಲಿ ಹಾಡು ಹಾಕುತ್ತಾರೆ, ಬಣ್ಣದ ಲೈಟು ಉರಿಸುತ್ತಾರೆ. ಪ್ರತಿ ಸಲ ಸೆಲ್ಫ್ ತಿಂದದ್ದನ್ನು ಡೈನಮೊ ತುಂಬಿಕೊಡುವುದಕ್ಕೆ ಸಮಯವೇ ಸಿಗುವುದಿಲ್ಲ. ಬೆಳಗಿನ ಜಾವ ತೂಕದ ಸೇತುವೆಯ ಹತ್ತಿರ ಬರುವ ಹೊತ್ತಿಗೆ ಬ್ಯಾಟರಿ ಕುಸಿದಿರುತ್ತದೆ, ಹಿಂದಿನ ಗಾಡಿಯವರು ಹಾರ್ನ್ ಬಾರಿಸುತ್ತಿರುತ್ತಾರೆ.

ಇನ್ನೊಂದು ಹಲ್ಲಿನ ವಿಷಯ. ನಮ್ಮ ಗಾಡಿ ಹತ್ತು ಸಲದಲ್ಲಿ ಮೂರು ನಾಲ್ಕು ಸಲ ‘ಕರ್ರ್’ ಎನ್ನುತ್ತಿತ್ತು, ಉಳಿದ ಸಲ ಸರಿಯಾಗಿ ಹಿಡಿಯುತ್ತಿತ್ತು. ಹೊಸ ಬೆಂಡಿಕ್ಸ್ ಹಾಕಿಸಿದರೂ ಹೋಗಲಿಲ್ಲ. ಇದಕ್ಕೆ ಕಾರಣವೇನು?

ಮದ್ದೂರಿನ ಹಳೆಯ ಎಲೆಕ್ಟ್ರೀಷಿಯನ್:

ಎಂಜಿನ್ ಆಫ್ ಮಾಡಿದಾಗ ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಯಾವುದಾದರೂ ಒಂದು ಪಿಸ್ಟನ್ ಗಾಳಿಯನ್ನು ಒತ್ತಲಾರದೆ ಸೋತ ಜಾಗದಲ್ಲಿಯೇ ನಿಲ್ಲುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿಗೆ ಅಂಥ ಜಾಗ ಮೂರು, ನಾಲ್ಕು ಸಿಲಿಂಡರಿನದಕ್ಕೆ ಎರಡು. ಹಾಗಾಗಿ ಪಿನಿಯನ್ ಪ್ರತಿ ಸಲವೂ ರಿಂಗಿನ ಅದೇ ಎರಡು ಮೂರು ಕಡೆ ಬಡಿದು, ಅಲ್ಲಿಯ ಹಲ್ಲುಗಳು ಮಾತ್ರ ಇಲಿ ಕಡಿದಂತೆ ಸವೆಯುತ್ತವೆ, ಉಳಿದ ಹಲ್ಲುಗಳು ಹೊಸದರಂತೆಯೇ ಇರುತ್ತವೆ. ಕೆಲವು ಸಲ ಹಿಡಿದು ಕೆಲವು ಸಲ ಕಡಿಯುವುದಕ್ಕೆ ಕಾರಣ ಇದೇ. ಸವೆದ ರಿಂಗಿನ ಮೇಲೆ ಹೊಸ ಬೆಂಡಿಕ್ಸ್ ಹಾಕಿದರೆ ಹೊಸ ಪಿನಿಯನ್ನೂ ಕೆಲವೇ ತಿಂಗಳಲ್ಲಿ ಹಾಳು. ಮುಂದಿನ ಸಲ ಕ್ಲಚ್ ಪ್ಲೇಟಿಗೆಂದು ಗಾಡಿಯನ್ನು ಎರಡು ಹೋಳು ಮಾಡಿದಾಗ ರಿಂಗನ್ನೂ ಬದಲಿಸಿಬಿಡಿ. ಅದಕ್ಕೆಂದೇ ಬೇರೆಯಾಗಿ ಬಿಚ್ಚಿದರೆ ಕೂಲಿಯೇ ಹೆಚ್ಚಾಗುತ್ತದೆ. ರಿಂಗನ್ನು ಒಂದೇ ಸಮನಾಗಿ ಕಾಯಿಸಿ ಹಿಗ್ಗಿಸಿ ಫ್ಲೈವೀಲಿಗೆ ಕೂರಿಸುತ್ತಾರೆ. ಕೆಂಪಗಾಗುವಷ್ಟು ಕಾಯಿಸುವವರ ಕೈಗೆ ಕೊಡಬೇಡಿ, ಹಲ್ಲಿನ ಗಡಸು ಹೊರಟುಹೋಗುತ್ತದೆ.

ಹಾಡಿನ ಪೆಟ್ಟಿಗೆಗೆ ನನ್ನ ಹತ್ತಿರ ಔಷಧಿಯಿಲ್ಲ.

ಕೆನಡಾದಲ್ಲಿರುವ ಮೈಸೂರಿನವ:

ನನ್ನ ಮನೆಯಲ್ಲಿರುವುದು ಟ್ರ್ಯಾಕ್ಟರ್ ಅಲ್ಲ, ಹಿಮದ ಮೇಲೆ ಓಡುವ ಸ್ನೋಮೊಬೈಲ್. ಮುಂದೆ ಎರಡು ಸ್ಕೀ, ಹಿಂದೆ ರಬ್ಬರಿನ ಪಟ್ಟ, ನಡುವೆ ಬೈಕಿನಂಥ ಸೀಟು. ಆದರೂ ಅದರ ಸೆಲ್ಫ್ ಮೋಟಾರಿನ ರೋಗಗಳು ಇಲ್ಲಿ ಬರೆದಿರುವವುಗಳ ಒಡಹುಟ್ಟಿದವೇ ಆಗಿರುವುದರಿಂದ ಬರೆಯಬೇಕೆನಿಸಿತು. ಇಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಬ್ಯಾಟರಿಯ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಭಾರವೂ ಹೆಚ್ಚುತ್ತದೆ. ನಮ್ಮ ಊರಿನ ಗಾಡಿಯಲ್ಲಿ ಲಕ್ಷ್ಯಕ್ಕೆ ಬಾರದ ಕಾಲು ವೋಲ್ಟಿನ ನಷ್ಟವೂ ಇಲ್ಲಿ ಎಂಜಿನ್ ಹಿಡಿಯುವುದಕ್ಕೂ ಹಿಡಿಯದಿರುವುದಕ್ಕೂ ಇರುವ ಅಂತರವಾಗಿಬಿಡುತ್ತದೆ.

ಬೆಂಡಿಕ್ಸ್ ಜಾರುವ ತಿರುಪಿನ ದಂಡಕ್ಕೆ ಮೊದಲ ವರ್ಷ ನಾನು ಊರಿನ ಅಭ್ಯಾಸದಂತೆ ಧಾರಾಳವಾಗಿ ಗ್ರೀಸ್ ಮೆತ್ತಿದ್ದೆ. ಚಳಿಗೆ ಅದು ಮೇಣವಾಯಿತು. ಮೋಟಾರ್ ಓಡುತ್ತಿತ್ತು, ಪಿನಿಯನ್ ಮಾತ್ರ ಮುಂದಕ್ಕೆ ಹಾರುತ್ತಿರಲಿಲ್ಲ. ಪುಣ್ಯಕ್ಕೆ ನನ್ನ ಗಾಡಿಗೆ ಕೈಯಿಂದ ಎಳೆಯುವ ಹಗ್ಗವೂ ಇದೆ. ಗ್ರೀಸನ್ನೆಲ್ಲ ತೊಳೆದು, ಚಳಿಯಲ್ಲಿ ಗಟ್ಟಿಯಾಗದ ತೆಳು ಲೂಬ್ರಿಕೆಂಟಿನ ಒಂದು ಪದರ ಮಾತ್ರ ಹಚ್ಚಿದ ಮೇಲೆ ಸರಿಹೋಯಿತು. ಬೇಸಗೆಯ ತಿಂಗಳುಗಳಲ್ಲಿ ಗಾಡಿ ಸುಮ್ಮನೆ ನಿಂತಿರುವುದರಿಂದ ತಿಂಗಳಿಗೊಮ್ಮೆ ಬ್ಯಾಟರಿಯನ್ನು ಚಾರ್ಜ್ ಮಾಡುತ್ತೇನೆ. ಹಾಗೆಯೇ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮುಂದಿನ ಚಳಿಗಾಲಕ್ಕೆ ಬ್ಯಾಟರಿ ಉಳಿಯುವುದಿಲ್ಲ.

ಮದ್ದೂರಿನ ಹಳೆಯ ಎಲೆಕ್ಟ್ರೀಷಿಯನ್:

ಕೆನಡಾದವರು ಹೇಳಿದ ಗ್ರೀಸಿನ ಮಾತು ನಮ್ಮ ಗದ್ದೆಗೂ ಅನ್ವಯಿಸುತ್ತದೆ. ಅಲ್ಲಿ ಚಳಿ ಗ್ರೀಸನ್ನು ಗಟ್ಟಿ ಮಾಡಿದರೆ ಇಲ್ಲಿ ಕ್ಲಚ್ ಪ್ಲೇಟಿನ ಪುಡಿಯೂ ಕೆಸರಿನ ಧೂಳೂ ಸೇರಿಕೊಂಡು ಅದೇ ಗ್ರೀಸನ್ನು ಅರೆಯುವ ಹಿಟ್ಟು ಮಾಡುತ್ತವೆ. ನಮ್ಮ ಹುಡುಗರು ಇನ್ನೊಂದು ತಪ್ಪನ್ನೂ ಮಾಡುತ್ತಾರೆ: ಬೆಂಡಿಕ್ಸನ್ನು ಇಡಿಯಾಗಿ ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಮುಳುಗಿಸಿ ತೊಳೆಯುತ್ತಾರೆ. ಅದರ ಒಳಗೆ ಒಂದೇ ದಿಕ್ಕಿಗೆ ಹಿಡಿಯುವ ರೋಲರುಗಳಿವೆ, ಅವಕ್ಕೆ ಕಂಪನಿಯಲ್ಲೇ ತುಂಬಿದ ಗ್ರೀಸಿರುತ್ತದೆ. ಅದು ತೊಳೆದುಹೋದರೆ ಬೆಂಡಿಕ್ಸ್ ಬೇಗ ಜಾರಲು ಶುರು ಮಾಡುತ್ತದೆ. ಹೊರಗಿನಿಂದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೆಸರು ಗದ್ದೆಯಲ್ಲಿ ದುಡಿದ ಸೆಲ್ಫ್ ಮೋಟಾರನ್ನು ಬಿಚ್ಚಿದಾಗ ನಾನು ಕಾಣುವುದು ಸಾಮಾನ್ಯವಾಗಿ ಹೀಗಿರುತ್ತದೆ. ಕಾರ್ಬನ್ನಿನ ಕಪ್ಪು ಪುಡಿಗೆ ನೀರೋ ಎಂಜಿನ್ನಿನ ಹಿಂದಿನ ಸೀಲಿನಿಂದ ಸೋರಿದ ಆಯಿಲೋ ಸೇರಿ ಕಾಡಿಗೆಯಂತಾಗಿರುತ್ತದೆ. ಅದು ಬ್ರಷ್ ಹೋಲ್ಡರಿನಲ್ಲಿ ಕುಳಿತು ಬ್ರಷ್ಷನ್ನು ಕೆಳಗಿಳಿಯದಂತೆ ಹಿಡಿದುಬಿಡುತ್ತದೆ. ಸ್ಪ್ರಿಂಗ್ ಎಷ್ಟು ಒತ್ತಿದರೂ ಬ್ರಷ್ ಕಮ್ಯುಟೇಟರಿಗೆ (ಆರ್ಮೇಚರಿನ ತುದಿಯ ತಾಮ್ರದ ಪಟ್ಟಿಗಳಿಗೆ) ತಾಗುವುದಿಲ್ಲ. ಸುತ್ತಿಗೆಯಿಂದ ಮೋಟಾರಿನ ಮೈಗೆ ಎರಡು ಏಟು ಕೊಟ್ಟರೆ ಗಾಡಿ ಹಿಡಿಯುತ್ತದೆ ಎಂದು ಹೇಳುತ್ತಾರಲ್ಲ, ಅಂಟಿದ ಬ್ರಷ್ ಅಲುಗಿ ಕೂರುವುದರಿಂದ ಆಗುವ ಪವಾಡ ಅದು. ಒಂದು ಸಲ ಹಾಗೆ ಹಿಡಿಯಿತು ಎಂದರೆ ಬಿಚ್ಚಿ ತೊಳೆಯುವ ಕಾಲ ಬಂದಿದೆ ಎಂದು ತಿಳಿಯಿರಿ. ಬ್ರಷ್ಷಿನ ಉದ್ದ ಹೊಸದರ ಅರ್ಧಕ್ಕೆ ಬಂದಿದ್ದರೆ ಬದಲಿಸಿ. ಕಂಚಿನ ಬುಷ್ಷನ್ನು ಕೂರಿಸುವ ಮೊದಲು ಆಯಿಲಿನಲ್ಲಿ ನೆನೆಹಾಕಿ. ಒಣ ಬುಷ್ ಬೇಗ ಸವೆಯುತ್ತದೆ, ಬುಷ್ ಸವೆದರೆ ಆರ್ಮೇಚರ್ ಪಕ್ಕಕ್ಕೆ ವಾಲಿ ಸುತ್ತಲಿನ ಫೀಲ್ಡಿನ (ಅಯಸ್ಕಾಂತದ) ಕಬ್ಬಿಣಕ್ಕೆ ಉಜ್ಜುತ್ತದೆ. ಉಜ್ಜಿದ ಗುರುತು ಕನ್ನಡಿಯಂತೆ ಹೊಳೆಯುವುದರಿಂದ ಬಿಚ್ಚಿದ ಕೂಡಲೇ ಕಣ್ಣಿಗೆ ಬೀಳುತ್ತದೆ.

ಸಂಜೆ ಗದ್ದೆಯಿಂದ ಮೇಲೆ ಬಂದ ಕೂಡಲೇ ಪಂಪಿನ ಪೈಪ್ ಹಿಡಿದು ಬಿಸಿ ಮೋಟಾರಿನ ಮೇಲೆ ಜೋರಾಗಿ ನೀರು ಹೊಡೆಯುವುದನ್ನು ಮಾತ್ರ ಬಿಟ್ಟುಬಿಡಿ. ಬಿಸಿ ಮೈ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗಿ, ಸಂದಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಗದ್ದೆಯಲ್ಲಿ ಇಡೀ ದಿನ ಹೋಗದ ನೀರು ಹೀಗೆ ಐದು ನಿಮಿಷದಲ್ಲಿ ಹೋಗುತ್ತದೆ. ಕೆಸರನ್ನು ಕೈಯಿಂದ ಬಳಿದು ತೆಗೆದು, ಮೋಟಾರ್ ತಣ್ಣಗಾದ ಮೇಲೆ ಒದ್ದೆ ಗೋಣಿಯಿಂದ ಒರೆಸಿ. ಹಳೆಯ ಲಾರಿ ಟ್ಯೂಬಿನ ತುಂಡೊಂದನ್ನು ಚಕ್ರದ ಕೆಸರು ಸಿಡಿಯುವ ಕಡೆಗೆ ಪರದೆಯಂತೆ ಕಟ್ಟಿದರೂ ಒಳ್ಳೆಯದು. ಮೋಟಾರಿನ ಮೈಗೆ ಸುತ್ತಬೇಡಿ, ಕೆಳಗೆ ನೀರು ಹೋಗುವ ತೂತಿದ್ದರೆ ಮುಚ್ಚಿಹೋಗುತ್ತದೆ.

ಪಾಂಡವಪುರದ ರೈತ:

ಟ್ಯೂಬಿನ ಪರದೆ ಕಟ್ಟಿದೆ. ಪೈಪಿನ ನೀರು ಹೊಡೆಯುತ್ತಿದ್ದವನು ನಾನೇ ಎಂದು ಒಪ್ಪಿಕೊಳ್ಳುತ್ತೇನೆ. ಕಟ್ಟಿದ ಮೇಲೆ ಒಂಬತ್ತು ದಿನ ಕೆಲಸ ನಡೆದಿದೆ, ಮಧ್ಯಾಹ್ನದ ಬಿಸಿಯಲ್ಲಿಯೂ ಒಂದೇ ಸಲಕ್ಕೆ ಹಿಡಿಯುತ್ತಿದೆ. ದಿನವೂ ಊಟಕ್ಕೆ ಕೂರುವ ಮೊದಲು ಆ ಲಗ್ಗನ್ನು ಒಮ್ಮೆ ಮುಟ್ಟಿ ನೋಡುವುದು ಅಭ್ಯಾಸವಾಗಿದೆ. ಇಂದೂ ತಣ್ಣಗಿತ್ತು.

ಮಳವಳ್ಳಿ ಹುಡುಗ:

ನಾನೂ ಮೀಟರ್ ತಂದೆ. ನೆಗೆಟಿವ್ ಕಡೆ 0.2. ಪಾಸಿಟಿವ್ ಕೇಬಲ್ ಸೊಲೆನಾಯ್ಡಿನ ಮೊದಲ ಬೋಲ್ಟಿಗೆ ಬರುವವರೆಗೆ 0.2. ಆದರೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟ್‌ಗಳ ನಡುವೆ ಇಟ್ಟರೆ ಸೆಲ್ಫ್ ಹೊಡೆಯುವಾಗ 1.7 ತೋರಿಸುತ್ತದೆ. ನಾನು ವರ್ಷವಿಡೀ ಸ್ಕ್ರೂಡ್ರೈವರ್ ಅಡ್ಡ ಹಿಡಿಯುತ್ತಿದ್ದದ್ದು ಇದೇ ಜಾಗಕ್ಕೆ!

ಮದ್ದೂರಿನ ಹಳೆಯ ಎಲೆಕ್ಟ್ರೀಷಿಯನ್:

ಒಳಗಿನ ತಾಮ್ರದ ಬಿಲ್ಲೆ ಸುಟ್ಟಿದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಸೊಲೆನಾಯ್ಡಿನ ಹಿಂದಿನ ಮುಚ್ಚಳವನ್ನು ಬಿಚ್ಚು. ಮುಚ್ಚಳಕ್ಕೆ ಬೆಸುಗೆ ಹಾಕಿದ ತಂತಿಗಳಿರುತ್ತವೆ, ಅವನ್ನು ಮೊದಲು ಬಿಡಿಸಿಕೊಳ್ಳಬೇಕು, ಎಳೆದು ಹರಿಯಬೇಡ. ಬಿಲ್ಲೆಯ ಒಂದು ಮುಖ ಮಾತ್ರ ಸುಟ್ಟಿದ್ದು, ಅದು ಕಳಚಿ ಬರುವಂಥದ್ದಾಗಿದ್ದರೆ ಮಗುಚಿ ಹಾಕಬಹುದು. ಮುಚ್ಚಳ ಬಿಚ್ಚಲಾಗದಂತೆ ಒತ್ತಿ ಮುಚ್ಚಿದ ಬಗೆಯದಾದರೆ ಸೊಲೆನಾಯ್ಡನ್ನೇ ಹೊಸದು ತರಬೇಕು, ಮೋಟಾರಿಗೆ ಕೈ ಹಾಕುವ ಅಗತ್ಯವಿಲ್ಲ.

ಮಳವಳ್ಳಿ ಹುಡುಗ:

ಬಿಲ್ಲೆಯನ್ನು ಮಗುಚಿ ಹಾಕಿದೆ, ಈಗ 0.1 ಬರುತ್ತಿದೆ. ಕೀ ತಿರುಗಿಸಿದರೆ ಗಾಡಿ ಹಿಡಿಯುತ್ತದೆ. ಮುಚ್ಚಳದ ಸ್ಕ್ರೂ ಬಿಚ್ಚಲು ಅದೇ ಸ್ಕ್ರೂಡ್ರೈವರ್ ಬೇಕಾಯಿತು, ತುದಿಯೆಲ್ಲ ಕಿಡಿಯಿಂದ ತಿಂದುಹೋಗಿದ್ದರಿಂದ ಮೊದಲು ಅದನ್ನು ಅರದಿಂದ ಉಜ್ಜಿ ಸರಿಮಾಡಿಕೊಳ್ಳಬೇಕಾಯಿತು.